ನೋವಿಲ್ಲದ ಪಿತ್ತಕೋಶದ ಕಲ್ಲು: ಸಕ್ಕರೆ, ಸೊಂಟದ ಸುತ್ತಳತೆ, ಫ್ಯಾಟಿ ಲಿವರ್‌ಗೆ ಇದರ ನಂಟೇನು?

ಪ್ರಶ್ನೆ: ಬೆಳೆಗಾರ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನ್ನ ಪತ್ನಿಗೆ ಈಗ 43 ವರ್ಷ. ಮುಟ್ಟಿನ ತೊಂದರೆಗೆಂದು ಹಾಸನದಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ, ನಾವು ನಿರೀಕ್ಷಿಸದೇ ಇದ್ದ ಎರಡು ಸಂಗತಿಗಳು ವರದಿಯಲ್ಲಿ ಕಂಡುಬಂದವು. ಪಿತ್ತಕೋಶದಲ್ಲಿ ಹಲವು ಸಣ್ಣ ಕಲ್ಲುಗಳಿವೆ, ಅವುಗಳಲ್ಲಿ ದೊಡ್ಡದು 9 ಮಿಲಿಮೀಟರ್ ಇದೆ. ಜೊತೆಗೆ ಮೊದಲ ಹಂತದ ಫ್ಯಾಟಿ ಲಿವರ್ ಇದೆ. ಆಕೆಗೆ ಹೊಟ್ಟೆನೋವು ಎಂಬುದೇ ಬಂದಿಲ್ಲ. ಆ ಬಳಿಕ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.2, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 218, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 41, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 104 ಎಂದು ಬಂದಿದೆ. ಎತ್ತರ 155 ಸೆಂಟಿಮೀಟರ್, ತೂಕ 68 ಕಿಲೋ, ಸೊಂಟದ ಸುತ್ತಳತೆ 94 ಸೆಂಟಿಮೀಟರ್.

ನಮ್ಮದು ಸಸ್ಯಾಹಾರಿ ಮನೆ. ಕರಿದ ತಿಂಡಿಗಳನ್ನು ಮಾಡುವುದು ಹಬ್ಬ ಹರಿದಿನಗಳಲ್ಲಿ ಮಾತ್ರ. ಎಲ್‌ಡಿಎಲ್ ಕೂಡ ಹೆಚ್ಚಿಲ್ಲ. ಹೀಗಿರುವಾಗ ಕೊಲೆಸ್ಟ್ರಾಲಿನ ಕಲ್ಲು ಎಲ್ಲಿಂದ ಬಂತು ಎಂಬುದು ನನ್ನ ಮೊದಲ ಪ್ರಶ್ನೆ. ಸಕ್ಕರೆಯ ಅಂಶ ಅಂಚಿನಲ್ಲಿರುವುದಕ್ಕೂ ಈ ಕಲ್ಲಿಗೂ ಸಂಬಂಧವಿದೆಯೇ, ಅಥವಾ ಎರಡೂ ಕಾಕತಾಳೀಯವಾಗಿ ಒಟ್ಟಿಗೆ ಬಂದವೇ ಎಂಬುದು ಎರಡನೆಯದು. ಬಂಧುಗಳಲ್ಲಿ ಕೆಲವರು ಕೂಡಲೇ ಆಪರೇಷನ್ ಮಾಡಿಸಿ ಎನ್ನುತ್ತಿದ್ದಾರೆ. ಆಕೆಯಂತೂ ಹೆದರಿ ತುಪ್ಪ, ಎಣ್ಣೆ, ಕಾಯಿತುರಿ ಎಲ್ಲವನ್ನೂ ಬಿಟ್ಟಿದ್ದಾಳೆ. ರಾತ್ರಿ ಊಟವನ್ನೂ ನಿಲ್ಲಿಸಿ, ಆದಷ್ಟು ಬೇಗ ಹತ್ತು ಕಿಲೋ ಇಳಿಸುತ್ತೇನೆಂದು ಹಟ ಹಿಡಿದಿದ್ದಾಳೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ವೈದ್ಯ, ಹಾಸನ

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರವೂ ಅದರಲ್ಲೇ ಇದೆ. ಸಂಬಂಧವಿದೆ, ಮತ್ತು ಅದು ಗಟ್ಟಿಯಾದ ಸಂಬಂಧ. ಸೊಂಟದ ಸುತ್ತಳತೆ ಭಾರತೀಯ ಮಹಿಳೆಯರಲ್ಲಿ 80 ಸೆಂಟಿಮೀಟರ್ ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ 50ಕ್ಕಿಂತ ಕಡಿಮೆ, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು, ರಕ್ತದೊತ್ತಡ 130/85 ಅಥವಾ ಹೆಚ್ಚು: ಈ ಐದರಲ್ಲಿ ಮೂರು ಇದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತೇವೆ. ನೀವು ಕೊಟ್ಟ ವಿವರಗಳಲ್ಲಿ ಈಗಾಗಲೇ ನಾಲ್ಕು ಇವೆ. ರಕ್ತದೊತ್ತಡವನ್ನು ನೀವು ಬರೆದಿಲ್ಲ. ಇವೆಲ್ಲದರ ಬೇರಿನಲ್ಲಿರುವುದು ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು. ಫ್ಯಾಟಿ ಲಿವರ್ ಅದೇ ಬೇರಿನ ಒಂದು ಕವಲು, ಪಿತ್ತಕೋಶದ ಕಲ್ಲು ಬಹುಮಟ್ಟಿಗೆ ಇನ್ನೊಂದು.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾರಣ ತಿಳಿಯದೆ ಪಥ್ಯ ಮಾಡುವವರು ತಪ್ಪು ಜಾಗದಲ್ಲಿ ಕಷ್ಟಪಡುವುದನ್ನು ನಾನು ದಿನವೂ ನೋಡುತ್ತಿದ್ದೇನೆ. ದೇಹದಲ್ಲಿ ಹೆಚ್ಚಾದ ಕೊಲೆಸ್ಟ್ರಾಲನ್ನು ಹೊರಹಾಕುವ ಮುಖ್ಯ ದಾರಿ ಪಿತ್ತರಸ. ಲಿವರ್ ಕೊಲೆಸ್ಟ್ರಾಲಿನ ಒಂದು ಭಾಗವನ್ನು ಪಿತ್ತಾಮ್ಲವಾಗಿ ಮಾರ್ಪಡಿಸಿ ಕಳಿಸುತ್ತದೆ, ಇನ್ನೊಂದು ಭಾಗವನ್ನು ಹಾಗೆಯೇ ಕಳಿಸುತ್ತದೆ. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವ ವಸ್ತುವಲ್ಲ; ಪಿತ್ತಲವಣಗಳು ಮತ್ತು ಲೆಸಿಥಿನ್ ಎಂಬ ಕೊಬ್ಬಿನ ಅಂಶ ಸೇರಿ ಅದನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುತ್ತವೆ. ಈ ಮೂರರ ಪ್ರಮಾಣವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬುದನ್ನು ಅಡ್ಮಿರಾಂಡ್ ಮತ್ತು ಸ್ಮಾಲ್ ಎಂಬ ವಿಜ್ಞಾನಿಗಳು 1968ರಲ್ಲಿಯೇ ತೋರಿಸಿದರು. ಕೊಲೆಸ್ಟ್ರಾಲಿನ ಪಾಲು ಮಿತಿ ಮೀರಿದಾಗ, ಹದ ಮೀರಿದ ಸಕ್ಕರೆ ಪಾಕ ಹರಳುಗಟ್ಟುವಂತೆ, ಪಿತ್ತರಸದಲ್ಲಿ ಹರಳುಗಳು ಮೂಡುತ್ತವೆ.

ಇನ್ಸುಲಿನ್ನಿನ ಪಾತ್ರ ಬರುವುದು ಇಲ್ಲಿ. ಲಿವರ್‌ನ ಜೀವಕೋಶದಿಂದ ಕೊಲೆಸ್ಟ್ರಾಲನ್ನು ಪಿತ್ತರಸಕ್ಕೆ ಸಾಗಿಸುವ ಎರಡು ಪ್ರೋಟೀನುಗಳಿವೆ, ಅವುಗಳ ಹೆಸರು ಎಬಿಸಿಜಿ5 ಮತ್ತು ಎಬಿಸಿಜಿ8. ಆರೋಗ್ಯವಂತರಲ್ಲಿ ಇನ್ಸುಲಿನ್ ಇವುಗಳ ಉತ್ಪಾದನೆಯನ್ನು ಹತೋಟಿಯಲ್ಲಿ ಇಟ್ಟಿರುತ್ತದೆ. ಲಿವರ್ ಇನ್ಸುಲಿನ್ನಿನ ಮಾತನ್ನು ಕೇಳದಂತಾದಾಗ ಆ ಹತೋಟಿ ಸಡಿಲವಾಗಿ, ಹೆಚ್ಚು ಹೆಚ್ಚು ಕೊಲೆಸ್ಟ್ರಾಲ್ ಪಿತ್ತರಸಕ್ಕೆ ಸೇರುತ್ತದೆ. ಲಿವರ್‌ನಲ್ಲಿ ಮಾತ್ರ ಇನ್ಸುಲಿನ್ ಗ್ರಾಹಕವಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಕಲ್ಲುಗಳು ಸುಲಭವಾಗಿ ಹುಟ್ಟಿಕೊಳ್ಳುತ್ತವೆ ಎಂಬುದನ್ನು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ ಮೇಲೆ, ಈ ಎರಡೂ ತೊಂದರೆಗಳು ಒಟ್ಟಿಗೆ ಬರುವುದು ಬರೀ ಕಾಕತಾಳೀಯ ಎಂದು ಹೇಳಲು ಆಸ್ಪದ ಉಳಿದಿಲ್ಲ. ಇದರ ಮೇಲೆ ದೇಹದ ಕೊಬ್ಬು ಹೆಚ್ಚಾದಂತೆ ಲಿವರ್ ತಾನೇ ತಯಾರಿಸುವ ಕೊಲೆಸ್ಟ್ರಾಲೂ ಹೆಚ್ಚುತ್ತದೆ. ಪಿತ್ತಕೋಶದ ಚಲನೆಯೂ ಮಂದವಾಗುತ್ತದೆ. ಊಟವಾದ ಮೇಲೆ ಚೆನ್ನಾಗಿ ಹಿಂಡಿ ಬರಿದಾಗಬೇಕಾದ ಚೀಲದಲ್ಲಿ ಹಳೆಯ ಪಿತ್ತರಸ ಉಳಿದುಕೊಳ್ಳುತ್ತದೆ, ಮೂಡಿದ ಹರಳುಗಳಿಗೆ ಬೆಳೆಯಲು ಸಮಯ ಸಿಗುತ್ತದೆ.

ಹೀಗಾಗಿ ಕರಿದದ್ದು ತಿನ್ನದ ಮನೆಯಲ್ಲೂ ಕಲ್ಲು ಬರುತ್ತದೆ. ರಕ್ತದ ಎಲ್‌ಡಿಎಲ್ ಪ್ರಮಾಣಕ್ಕೂ ಕಲ್ಲಿಗೂ ಅಷ್ಟೇನೂ ನೇರ ಸಂಬಂಧವಿಲ್ಲ. ಸಂಬಂಧ ಹೆಚ್ಚು ಸ್ಪಷ್ಟವಾಗಿ ಕಾಣುವುದು ಹೆಚ್ಚಿದ ಟ್ರೈಗ್ಲಿಸರೈಡ್ ಮತ್ತು ತಗ್ಗಿದ ಎಚ್‌ಡಿಎಲ್ ಜೊತೆಗೆ, ಅಂದರೆ ನಿಮ್ಮ ಪತ್ನಿಯವರ ವರದಿಯಲ್ಲಿರುವ ಚಿತ್ರದೊಂದಿಗೆ. ಹೆಣ್ಣುಮಕ್ಕಳಲ್ಲಿ ಈಸ್ಟ್ರೋಜನ್ ಹಾರ್ಮೋನ್ ಮತ್ತು ಹಿಂದಿನ ಬಸಿರುಗಳು ಕೂಡ ತಮ್ಮ ಪಾಲನ್ನು ಸೇರಿಸುತ್ತವೆ.

ಇನ್ನು ಆಪರೇಷನ್. ನೋವಿಲ್ಲದ ಕಲ್ಲುಗಳಿರುವ ನೂರು ಜನರಲ್ಲಿ ವರ್ಷಕ್ಕೆ ಒಂದರಿಂದ ನಾಲ್ಕು ಮಂದಿಗೆ ಮಾತ್ರ ನೋವು ಅಥವಾ ತೊಡಕು ಕಾಣಿಸಿಕೊಳ್ಳುತ್ತದೆ. ಬಹುಪಾಲು ಜನ ಕಲ್ಲಿನೊಂದಿಗೇ ಏನೂ ಆಗದೆ ಬದುಕುತ್ತಾರೆ. ಆದ್ದರಿಂದ ಸುಮ್ಮನಿರುವ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ಮಧುಮೇಹವಿದ್ದರೆ ಮುಂಜಾಗ್ರತೆಗೆ ತೆಗೆದುಬಿಡಬೇಕು ಎಂಬ ಅಭಿಪ್ರಾಯ ಹಿಂದೆ ಇತ್ತು, ಈಗ ಅದನ್ನು ಕೈಬಿಡಲಾಗಿದೆ. ಕಲ್ಲು 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಪಿತ್ತಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ, ಕಲ್ಲಿನೊಂದಿಗೆ 1 ಸೆಂಟಿಮೀಟರ್ ಮೀರಿದ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು) ಇದ್ದರೆ ಮಾತು ಬೇರೆ. ನೋವು ಒಮ್ಮೆ ಶುರುವಾದ ಮೇಲೆ ಮಾತ್ರ ಮುಂದೂಡಬಾರದು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು ಮುಂದೂಡಲೇಬಾರದು. ಅವರಲ್ಲಿ ಪಿತ್ತಕೋಶದ ಸೋಂಕು ಬೇಗ ವಿಕೋಪಕ್ಕೆ ಹೋಗುತ್ತದೆ, ಆದರೆ ನೋವು ಅದಕ್ಕೆ ತಕ್ಕಷ್ಟು ಕಾಣಿಸಿಕೊಳ್ಳದೇ ಇರಬಹುದು.

ರಾತ್ರಿ ಊಟ ಬಿಟ್ಟು ಬೇಗ ತೂಕ ಇಳಿಸುವ ಹಟವನ್ನು ದಯವಿಟ್ಟು ಇಂದೇ ನಿಲ್ಲಿಸಿ. ಈಗಿನ ಪರಿಸ್ಥಿತಿಯಲ್ಲಿ ಆಕೆಗೆ ಅಪಾಯ ತರಬಲ್ಲದ್ದು ಅದೊಂದೇ.

ಉತ್ತರ 2: ಓದುಗ, ಚನ್ನರಾಯಪಟ್ಟಣ

ವೈದ್ಯರ ಕೊನೆಯ ಮಾತಿಗೆ ನಮ್ಮ ಭಾವನವರ ಅನುಭವವನ್ನು ಸೇರಿಸುತ್ತೇನೆ. ಅವರಿಗೆ ಸಕ್ಕರೆಯ ಅಂಶ ಅಂಚಿನಲ್ಲಿತ್ತು, ಲಿವರ್‌ನಲ್ಲಿ ಕೊಬ್ಬು ಇತ್ತು, ಆದರೆ ಆಗಿನ ಸ್ಕ್ಯಾನಿಂಗಿನಲ್ಲಿ ಕಲ್ಲು ಇರಲಿಲ್ಲ. ತೂಕ ಇಳಿಸಬೇಕೆಂದು ಬೆಳಿಗ್ಗೆ ಹಣ್ಣಿನ ರಸ, ಮಧ್ಯಾಹ್ನ ಬರೀ ಸೌತೆಕಾಯಿ ಮಜ್ಜಿಗೆ, ರಾತ್ರಿ ಏನೂ ಇಲ್ಲ ಎಂಬ ಪದ್ಧತಿಯನ್ನು ಕಟ್ಟುನಿಟ್ಟಾಗಿ ಹಿಡಿದರು. ಕೆಲವೇ ತಿಂಗಳಲ್ಲಿ ಅಂಗಿಗಳೆಲ್ಲ ಸಡಿಲವಾದವು. ಎಲ್ಲರೂ ಮೆಚ್ಚಿಕೊಂಡೆವು.

ಅದಾದ ಮೇಲೆ ಒಂದು ಮದುವೆಯ ಊಟ ಮುಗಿಸಿ ಬಂದ ರಾತ್ರಿ, ಎಲ್ಲರೂ ಮಲಗಿದ ಹೊತ್ತಿನಲ್ಲಿ ನೋವು ಶುರುವಾಯಿತು. ಎದೆಗೂಡಿನ ಕೆಳಗೆ, ಸ್ವಲ್ಪ ಬಲಕ್ಕೆ ಹಿಡಿದುಕೊಂಡು ಬೆನ್ನಿಗೂ ಬಲಭುಜದ ಹಿಂಬದಿಗೂ ಹರಡಿತು. ಮಲಗಿದರೂ ಆಗದು, ಎದ್ದು ಓಡಾಡಿದರೂ ಆಗದು; ಮಂಚದ ಅಂಚಿನಲ್ಲಿ ಕೂತು ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗಿದ್ದರು, ಹಣೆಯ ಮೇಲೆಲ್ಲ ಬೆವರು. ಗ್ಯಾಸ್ಟ್ರಿಕ್ ಮಾತ್ರೆಯಿಂದ ಏನೂ ಆಗಲಿಲ್ಲ. ಹೃದಯದ ತೊಂದರೆ ಇರಬಹುದೆಂದು ಇಸಿಜಿ ಮಾಡಿದರು, ಸರಿಯಾಗಿತ್ತು. ಬೆಳಿಗ್ಗೆ ಸ್ಕ್ಯಾನಿಂಗ್ ಮಾಡಿದಾಗ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲುಗಳು.

ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶವನ್ನು ತೆಗೆದರು, ಬೇಗನೆ ಮನೆಗೆ ಬಂದರು. ನಮ್ಮ ಹಿರಿಯರ ಕಾಲದಲ್ಲಿ ಇದೇ ಆಪರೇಷನ್ನಿಗೆ ಗೇಣುದ್ದ ಕೊಯ್ಯುತ್ತಿದ್ದರು. 1990ರಲ್ಲಿ ಮುಂಬೈಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ನಮ್ಮ ದೇಶದಲ್ಲಿ ಮೊದಲ ಬಾರಿಗೆ ರಂಧ್ರಗಳ ಮೂಲಕ ಇದನ್ನು ಮಾಡಿದ ನಂತರ ಸಾವಿರಾರು ಕುಟುಂಬಗಳ ಕಷ್ಟ ಕಡಿಮೆಯಾಯಿತು. ಆದರೆ ನಾನು ಹೇಳಬೇಕಾದ ಮುಖ್ಯ ವಿಷಯ ಬೇರೆ. ಕಲ್ಲು ಹೋಯಿತು, ಇನ್ನು ನಿಶ್ಚಿಂತೆ ಎಂದು ಮನೆಯವರೆಲ್ಲ ಭಾವಿಸಿದ್ದೆವು. ಮರುವರ್ಷವೇ ಅವರ ಸಕ್ಕರೆ ಅಂಚನ್ನು ದಾಟಿತು. ಪಿತ್ತಕೋಶ ತೆಗೆದದ್ದರಿಂದ ಕಲ್ಲಿಗೆ ಜಾಗ ಇಲ್ಲವಾಯಿತೇ ಹೊರತು, ಅದನ್ನು ಹುಟ್ಟಿಸಿದ ಲಿವರ್ ಹಾಗೆಯೇ ಇತ್ತು. ಈಗ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ, ಪ್ರತಿ ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತಾರೆ. ತೂಕವನ್ನು ಈ ಬಾರಿ ನಿಧಾನವಾಗಿ ಇಳಿಸಿದ್ದಾರೆ.

ಉತ್ತರ 3: ಆಹಾರ ತಜ್ಞೆ, ಚಿಕ್ಕಮಗಳೂರು

ಉಪವಾಸದಿಂದ ಕಲ್ಲು ಏಕೆ ಬರುತ್ತದೆ ಎಂದು ಕೆಲವರಿಗೆ ಆಶ್ಚರ್ಯವಾಗಬಹುದು. ತೂಕ ವೇಗವಾಗಿ ಇಳಿಯುವಾಗ ದೇಹದ ಕೊಬ್ಬಿನಲ್ಲಿ ಸಂಗ್ರಹವಾಗಿದ್ದ ಕೊಲೆಸ್ಟ್ರಾಲ್ ಬಿಡುಗಡೆಯಾಗಿ ಲಿವರ್‌ಗೆ ಬಂದು, ಅಲ್ಲಿಂದ ಪಿತ್ತರಸಕ್ಕೆ ಸೇರುತ್ತದೆ. ಅದೇ ಸಮಯದಲ್ಲಿ ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಪಿತ್ತಕೋಶವನ್ನು ಹಿಂಡಿಸುವ ಹಾರ್ಮೋನ್ ಸಣ್ಣ ಕರುಳಿನಿಂದ ಸಾಕಷ್ಟು ಹೊರಡುವುದಿಲ್ಲ. ಒಂದು ಕಡೆ ಕೊಲೆಸ್ಟ್ರಾಲ್ ಹೆಚ್ಚು, ಇನ್ನೊಂದು ಕಡೆ ಪಿತ್ತರಸ ನಿಂತಲ್ಲೇ ನಿಂತಿದೆ. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಸುವವರಲ್ಲಿ ಈ ಅಪಾಯ ಸ್ಪಷ್ಟವಾಗಿ ಏರುತ್ತದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮೊದಲ ಆರು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಗಳನ್ನು ಬರೆದುಕೊಡುವುದು ಇದೇ ಕಾರಣಕ್ಕೆ.

ಆದ್ದರಿಂದ ನಿಮ್ಮ ಪತ್ನಿಯವರು ವಾರಕ್ಕೆ ಅರ್ಧ ಕಿಲೋ ಇಳಿಸಿದರೆ ಸಾಕು. ದಿನಕ್ಕೆ ಒಂದು ಊಟದಲ್ಲಾದರೂ ಏಳರಿಂದ ಹತ್ತು ಗ್ರಾಂ ಕೊಬ್ಬು, ಅಂದರೆ ಎರಡು ಟೀ ಚಮಚದಷ್ಟು ಎಣ್ಣೆ ಅಥವಾ ತುಪ್ಪ, ಇರಲೇಬೇಕು. ಕಾಯಿತುರಿ ಹಾಕಿದ ಪಲ್ಯಕ್ಕೆ ಹೆದರಬೇಕಾಗಿಲ್ಲ. ರಾತ್ರಿ ಎಂಟರೊಳಗೆ ಹಗುರವಾಗಿ ಉಂಡು, ಬೆಳಿಗ್ಗೆ ತಿಂಡಿಯನ್ನು ತಡಮಾಡದೆ ತಿನ್ನಲಿ. ಪಿತ್ತರಸ ಬಹಳ ಹೊತ್ತು ಕದಲದೆ ನಿಲ್ಲಬಾರದು. ಈ ಮಾತು ನೋವಿಲ್ಲದವರಿಗೆ ಮಾತ್ರ ಅನ್ವಯಿಸುತ್ತದೆ. ಈಗಾಗಲೇ ನೋವು ಬರುತ್ತಿರುವವರಿಗೆ ಜಿಡ್ಡಿನ ಊಟವೇ ನೋವನ್ನು ಎಬ್ಬಿಸುವುದರಿಂದ ಅವರ ಪಥ್ಯ ಬೇರೆ.

ನಿಜವಾಗಿ ಕೈಹಾಕಬೇಕಾದ ಜಾಗ ಎಣ್ಣೆಯಲ್ಲ, ಅಕ್ಕಿ ಮತ್ತು ಸಕ್ಕರೆ. ಮಲೆನಾಡಿನ ಮನೆಗಳಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಇದರ ನಡುವೆ ಕಾಫಿ. ಲೋಟವೊಂದಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಐದು ಲೋಟ ಕುಡಿದರೆ ನಲವತ್ತು ಗ್ರಾಂ ಸಕ್ಕರೆ ಒಳಗೆ ಹೋಗುತ್ತದೆ. ಬೆಲ್ಲದ ಕಾಫಿಯೆಂದರೂ ಲೆಕ್ಕ ಬಹುತೇಕ ಅದೇ. ಈ ಸಕ್ಕರೆ ಮತ್ತು ಪಿಷ್ಟವೇ ಲಿವರ್‌ನಲ್ಲಿ ಕೊಬ್ಬಾಗಿ, ರಕ್ತದಲ್ಲಿ ಟ್ರೈಗ್ಲಿಸರೈಡ್ ಆಗಿ ಕಾಣಿಸಿಕೊಳ್ಳುವುದು. ಒಂದು ಹೊತ್ತಿನ ಅನ್ನದ ಪ್ರಮಾಣವನ್ನು ಅರ್ಧ ಮಾಡಿ, ಆ ಜಾಗದಲ್ಲಿ ಹುರುಳಿಕಾಳು, ಅವರೆಕಾಳು, ಬಸ್ಸಾರಿನ ಸೊಪ್ಪು, ಮೊಳಕೆಕಾಳುಗಳನ್ನು ಹೆಚ್ಚಿಸಿ. ಒಂದು ಹಿಡಿ ಕಡಲೆಕಾಯಿ ಬೀಜ ಒಳ್ಳೆಯದು. ವಾರಕ್ಕೆ ಐದು ಬಾರಿ ಅಥವಾ ಹೆಚ್ಚು ಬೀಜಗಳನ್ನು ತಿನ್ನುವ ಅಮೆರಿಕದ ದಾದಿಯರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಸುಮಾರು ಕಾಲು ಭಾಗ ಕಡಿಮೆಯಿತ್ತು ಎಂದು ದೀರ್ಘಕಾಲದ ಅಧ್ಯಯನವೊಂದರಲ್ಲಿ ಕಂಡುಬಂದಿದೆ.

ಕಾಫಿ ಬಿಡಬೇಕೇ ಎಂದು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ, ಆದ್ದರಿಂದ ಕೇಳುವ ಮೊದಲೇ ಹೇಳುತ್ತೇನೆ. ಬಿಡಬೇಕಾಗಿಲ್ಲ. ಅಮೆರಿಕದ ಸುಮಾರು 46,000 ಪುರುಷ ಆರೋಗ್ಯ ವೃತ್ತಿಪರರನ್ನು ಹತ್ತು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಎರಡು ಮೂರು ಕಪ್ ಕಾಫಿ ಕುಡಿಯುವವರಲ್ಲಿ ನೋವು ಕೊಡುವ ಪಿತ್ತಕೋಶದ ಕಲ್ಲು ಶೇ. 40ರಷ್ಟು ಕಡಿಮೆಯಿತ್ತು. ಕೆಫೀನ್ ತೆಗೆದ ಕಾಫಿಯಲ್ಲಿ ಆ ಪ್ರಯೋಜನ ಕಾಣಲಿಲ್ಲ. ಕಾಫಿ ಪಿತ್ತಕೋಶವನ್ನು ಸಂಕುಚಿಸುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಇದು ಗಮನಿಸಿ ಕಂಡುಕೊಂಡ ಸಂಬಂಧವೇ ಹೊರತು ಕಾಫಿ ಕೊಟ್ಟು ಪರೀಕ್ಷಿಸಿದ್ದಲ್ಲ, ಹಾಗಾಗಿ ಔಷಧಿಯೆಂದು ಹೆಚ್ಚಿಗೆ ಕುಡಿಯುವುದು ಬೇಡ. ಸಕ್ಕರೆಯನ್ನು ಕಳೆದು, ತೋಟದ ಕಾಫಿಯನ್ನು ನೆಮ್ಮದಿಯಾಗಿ ಕುಡಿಯಲಿ. ಅದೇ ಗುಂಪಿನ ಪುರುಷರ ಮೇಲಿನ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ವಾರಕ್ಕೆ ಐದು ದಿನ ಅರ್ಧ ಗಂಟೆ ಮೈ ಬಿಸಿಯಾಗುವಷ್ಟು ವ್ಯಾಯಾಮ ಮಾಡಿದರೆ ನೋವು ಕೊಡುವ ಕಲ್ಲುಗಳಲ್ಲಿ ಮೂರನೇ ಒಂದು ಭಾಗವನ್ನು ತಡೆಯಬಹುದು.

ಪ್ರಶ್ನೆ ಕೇಳಿದವರು: ಬೆಳೆಗಾರ, ಸಕಲೇಶಪುರ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು. ಮೇಡಂ ಬರೆದದ್ದನ್ನು ಆಕೆಗೆ ಓದಿ ಹೇಳಿದ ಮೇಲೆ ನಿನ್ನೆ ರಾತ್ರಿ ಊಟಕ್ಕೆ ಕೂತಳು. ರಕ್ತದೊತ್ತಡ ನೋಡಿಸಿದೆವು, 134/86 ಇದೆ.

ವೈದ್ಯರಲ್ಲಿ ಇನ್ನೂ ಕೆಲವು ಪ್ರಶ್ನೆಗಳಿವೆ. ನಮ್ಮ ಅಮ್ಮ ದಿನವೂ ಬಾಳೆದಿಂಡಿನ ರಸ ಮತ್ತು ಹುರುಳಿ ಕಟ್ಟು ಕುಡಿಸು, ಕಲ್ಲು ಕರಗುತ್ತದೆ ಎನ್ನುತ್ತಾರೆ; ಅವರ ಮಾತನ್ನು ತೆಗೆದುಹಾಕಲು ನನಗೆ ಮನಸ್ಸಿಲ್ಲ. ಪರಿಚಯದವರೊಬ್ಬರು ತೂಕ ಇಳಿಸುವ ಹೊಸ ಇಂಜೆಕ್ಷನ್ ಬಗ್ಗೆ ಹೇಳಿದರು, ಇನ್ನೊಬ್ಬರು ಟ್ರೈಗ್ಲಿಸರೈಡಿಗೆ ಪ್ರತ್ಯೇಕ ಮಾತ್ರೆ ಇದೆ ಎಂದರು. ಕಲ್ಲಿನ ನೋವನ್ನು ಗ್ಯಾಸ್ಟ್ರಿಕ್ ನೋವಿನಿಂದ ಬೇರೆಯಾಗಿ ಗುರುತಿಸುವುದು ಹೇಗೆ ಎಂಬುದನ್ನೂ ತಿಳಿಸಿ. ನಮ್ಮ ತೋಟದಿಂದ ಆಸ್ಪತ್ರೆ ದೂರ, ಮಳೆಗಾಲದಲ್ಲಿ ಇನ್ನೂ ದೂರ.

ಉತ್ತರ 4: ವೈದ್ಯ, ಹಾಸನ

ಐದಕ್ಕೆ ಐದೂ ಇವೆ ಎಂದಾಯಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕಲ್ಲಿಗಿಂತ ಹೆಚ್ಚು ಗಮನ ಬೇಡುವುದು ಈ ಐದು ಎಂಬುದು ನಿಮಗೆ ಮನವರಿಕೆಯಾಗಬೇಕು.

ಅಮ್ಮನವರು ಹೇಳುವುದು ಮೂತ್ರಪಿಂಡದ ಕಲ್ಲಿಗೆ ನಮ್ಮ ಕಡೆ ರೂಢಿಯಲ್ಲಿರುವ ಉಪಚಾರ. ಆ ಕಲ್ಲುಗಳು ಬೇರೆ, ಅವು ಮೂತ್ರದ ದಾರಿಯಲ್ಲಿರುತ್ತವೆ. ಪಿತ್ತಕೋಶಕ್ಕೂ ಮೂತ್ರಕ್ಕೂ ಸಂಪರ್ಕವಿಲ್ಲದ ಕಾರಣ ಆ ರಸದಿಂದ ಪಿತ್ತಕೋಶದ ಕಲ್ಲು ಕರಗುವುದಿಲ್ಲ. ಆದರೂ ಹುರುಳಿಯಲ್ಲೂ ದಿಂಡಿನಲ್ಲೂ ನಾರಿನಂಶವಿದೆ. ದಿಂಡನ್ನು ಸೋಸದೆ ಪಲ್ಯ ಮಾಡಿ, ಹುರುಳಿಯನ್ನು ಕಾಳಿನ ಸಮೇತ ಸಾರು ಮಾಡಿ ಬಡಿಸಿದರೆ ಅಮ್ಮನವರ ಮಾತೂ ನಡೆಯುತ್ತದೆ, ಸಕ್ಕರೆಗೂ ಒಳ್ಳೆಯದು. ಆಲಿವ್ ಎಣ್ಣೆ, ನಿಂಬೆರಸ, ಸೇಬಿನ ರಸ ಕುಡಿಸಿ ಕಲ್ಲು ಬೀಳಿಸುತ್ತೇವೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಅದಾದ ಮೇಲೆ ಮಲದಲ್ಲಿ ಕಾಣುವ ಹಸಿರು ಉಂಡೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ಅವು ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಿನಂತೆ ಗಟ್ಟಿಯಾದದ್ದು ಎಂದು ತಿಳಿದುಬಂದಿದೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲದಿಂದ ಸಣ್ಣ, ಸುಣ್ಣವಿಲ್ಲದ ಕೊಲೆಸ್ಟ್ರಾಲ್ ಕಲ್ಲುಗಳನ್ನು ಕರಗಿಸಬಹುದು, ಆದರೆ ಅದಕ್ಕೆ ಆರು ತಿಂಗಳಿಂದ ಎರಡು ವರ್ಷ ಬೇಕು, ಮತ್ತು ಐದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಜನರಲ್ಲಿ ಕಲ್ಲು ಮರಳಿ ಬರುತ್ತದೆ.

ಸೆಮಾಗ್ಲುಟೈಡ್ ಮುಂತಾದ ಇಂಜೆಕ್ಷನ್ನುಗಳು ಸಕ್ಕರೆಗೂ ತೂಕಕ್ಕೂ ಪರಿಣಾಮಕಾರಿಯಾಗಿವೆ. ಆದರೆ ಅವು ಪಿತ್ತಕೋಶದ ತೊಂದರೆಯನ್ನು ಸ್ವಲ್ಪ ಹೆಚ್ಚಿಸುತ್ತವೆ, ಅದರಲ್ಲೂ ತೂಕ ಇಳಿಸುವ ಉದ್ದೇಶಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ. ಕಲ್ಲು ಇರುವುದನ್ನು ಬರೆದುಕೊಡುವ ವೈದ್ಯರಿಗೆ ಮೊದಲೇ ತಿಳಿಸಬೇಕು. ಟ್ರೈಗ್ಲಿಸರೈಡಿಗೆ ಕೊಡುವ ಫೈಬ್ರೇಟ್ ಗುಂಪಿನ ಮಾತ್ರೆಗಳು ಪಿತ್ತಾಮ್ಲದ ತಯಾರಿಕೆಯನ್ನು ತಗ್ಗಿಸಿ ಪಿತ್ತರಸದಲ್ಲಿ ಕೊಲೆಸ್ಟ್ರಾಲಿನ ಪಾಲನ್ನು ಏರಿಸುತ್ತವೆ. 218ರ ಮಟ್ಟಕ್ಕೆ ಆಹಾರ ಮತ್ತು ನಡಿಗೆಯೇ ಮೊದಲ ಮದ್ದು.

ನೋವಿನ ವಿಷಯ. ಉತ್ತರ 2ರಲ್ಲಿ ಬರೆದಿರುವುದು ಪಾಠದಲ್ಲಿ ಹೇಳುವಂತಹ ವರ್ಣನೆ. ಗ್ಯಾಸ್ಟ್ರಿಕ್ ನೋವು ಉರಿಯಾಗಿದ್ದು, ತೇಗು ಬಂದರೆ ಅಥವಾ ಮಾತ್ರೆ ನುಂಗಿದರೆ ತಗ್ಗುತ್ತದೆ. ಕಲ್ಲಿನ ನೋವು ಊಟವಾದ ಮೇಲೆ ಅಥವಾ ರಾತ್ರಿಯಲ್ಲಿ ಬಂದು, ಏರಿ, ಅರ್ಧ ಗಂಟೆಯಿಂದ ಕೆಲವು ಗಂಟೆ ಒಂದೇ ಸಮನೆ ನಿಂತು ನಂತರ ಇಳಿಯುತ್ತದೆ. ಐದಾರು ಗಂಟೆಯಾದರೂ ಇಳಿಯದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಅಥವಾ ನೋವು ಬೆನ್ನಿಗೆ ತೂರಿಕೊಂಡು ನಿಲ್ಲದ ವಾಂತಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಸಣ್ಣ ಕಲ್ಲು ಪಿತ್ತನಾಳಕ್ಕೆ ಜಾರಿ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಕಾರಣವಾಗಬಲ್ಲದು, ಅದು ಜೀವಕ್ಕೇ ಅಪಾಯ. ನಿಮ್ಮ ತೋಟ ದೂರದಲ್ಲಿರುವುದರಿಂದ, ಮೊದಲ ಸಲ ನೋವು ಬಂದು ತಾನಾಗಿ ಇಳಿದರೂ ಮರುದಿನವೇ ಶಸ್ತ್ರವೈದ್ಯರನ್ನು ಕಾಣಿ. ದಾರಿ ಕಡಿದುಹೋಗುವ ತಿಂಗಳುಗಳಿಗೆ ಮೊದಲೇ ಆಪರೇಷನ್ ನಿಗದಿಪಡಿಸುವುದು ನಿಮ್ಮಂಥವರಿಗೆ ವಿವೇಕದ ದಾರಿ.

ಉತ್ತರ 5: ಓದುಗ, ಅರಸೀಕೆರೆ

ಈ ಚರ್ಚೆ ಓದಿ ಕೇಳುತ್ತಿದ್ದೇನೆ. ನಮ್ಮ ಅಣ್ಣನ ಮಗಳಿಗೆ 19 ವರ್ಷ, ಬಹಳ ತೆಳ್ಳಗಿದ್ದಾಳೆ, ಸಕ್ಕರೆ ಸರಿಯಾಗಿದೆ, ಟ್ರೈಗ್ಲಿಸರೈಡ್ 80ರ ಒಳಗಿದೆ. ಆದರೂ ಪಿತ್ತಕೋಶದಲ್ಲಿ ಕಲ್ಲುಗಳಿವೆ. ಎಲ್ಲರೂ ಸಕ್ಕರೆ ಬಿಡು, ಅನ್ನ ಬಿಡು ಎಂದು ಅವಳಿಗೆ ಬುದ್ಧಿ ಹೇಳುತ್ತಿದ್ದಾರೆ. ಚಿಕ್ಕಂದಿನಲ್ಲಿ ಆಗಾಗ ಅವಳ ಕಣ್ಣು ಹಳದಿಯಾಗುತ್ತಿತ್ತು, ಕಾಮಾಲೆಯೆಂದು ನಾಟಿ ಔಷಧಿ ಕೊಡಿಸುತ್ತಿದ್ದೆವು.

ಉತ್ತರ 6: ವೈದ್ಯ, ಹಾಸನ

ಆ ಮಗುವಿಗೆ ಅನ್ನ ಬಿಡಿಸಬೇಡಿ. ಎಲ್ಲ ಕಲ್ಲುಗಳೂ ಕೊಲೆಸ್ಟ್ರಾಲಿನವಲ್ಲ. ಕೆಂಪು ರಕ್ತಕಣಗಳು ಹುಟ್ಟಿನಿಂದಲೇ ಬೇಗ ಒಡೆಯುವ ಸ್ವಭಾವದವಾಗಿದ್ದರೆ ಅವುಗಳಿಂದ ಹೊರಬರುವ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ಹೆಚ್ಚಾಗಿ, ಅದರಿಂದ ಕಪ್ಪು ವರ್ಣದ ಕಲ್ಲುಗಳು ಉಂಟಾಗುತ್ತವೆ. ಅದಕ್ಕೂ ಸೊಂಟದ ಸುತ್ತಳತೆಗೂ ಇನ್ಸುಲಿನ್ನಿಗೂ ಸಂಬಂಧವಿಲ್ಲ. ಚಿಕ್ಕ ವಯಸ್ಸು, ತೆಳು ಮೈ, ಪದೇ ಪದೇ ಕಣ್ಣು ಹಳದಿಯಾದ ಇತಿಹಾಸ, ಈ ಮೂರೂ ಇರುವಾಗ ಮೊದಲು ನೋಡಬೇಕಾದದ್ದು ಅದನ್ನೇ. ಹಿಮೋಗ್ಲೋಬಿನ್, ನೇರ ಮತ್ತು ಪರೋಕ್ಷ ಬಿಲಿರುಬಿನ್, ರೆಟಿಕ್ಯುಲೋಸೈಟ್ ಎಣಿಕೆ, ರಕ್ತದ ಸ್ಮಿಯರ್ ಪರೀಕ್ಷೆ ಮಾಡಿಸಿ. ಸ್ಕ್ಯಾನಿಂಗ್ ವರದಿಯಲ್ಲಿ ಗುಲ್ಮದ (ಸ್ಪ್ಲೀನ್) ಅಳತೆ ಎಷ್ಟಿದೆ ಎಂಬುದನ್ನು ನೋಡಿ ಇಲ್ಲಿ ಬರೆಯಿರಿ. ಮನೆಯಲ್ಲಿ ಬೇರೆ ಯಾರಿಗಾದರೂ ರಕ್ತಹೀನತೆಯೋ, ಚಿಕ್ಕ ವಯಸ್ಸಿನಲ್ಲೇ ಕಲ್ಲೋ ಇದ್ದರೆ ಅದನ್ನೂ ತಿಳಿಸಿ.